ರೇಟ್ ಬದಲಾಯಿಸಿದರೂ ಗಿರಾಕಿಗಳ ಫೋನ್‌ನಲ್ಲಿ ಹಳೇ ರೇಟೇ ಬರುತ್ತಿದೆ. ತಪ್ಪು ಬ್ರೌಸರ್‌ದೋ ಸರ್ವರ್‌ದೋ?

ಹೋಳಿಗೆಮನೆ
ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕಪ್ಪ ಮಲ್ಲೇಶ್ವರದಲ್ಲಿ ಹೋಳಿಗೆ, ಕೋಡುಬಳೆ, ಚಕ್ಕುಲಿ ಮಾಡಿಕೊಡುವ ಸಣ್ಣ ಅಂಗಡಿ ಇಟ್ಟಿದ್ದಾರೆ. ಅದಕ್ಕೊಂದು ವೆಬ್‌ಸೈಟ್ ಇದೆ, ನಾಲ್ಕೈದು ಪುಟ ಅಷ್ಟೆ. ಯುಗಾದಿಗೆ ರೇಟ್ ಹಾಕಿದ ಮೇಲೆ ಯಾರೂ ಅದನ್ನು ಮುಟ್ಟಿರಲಿಲ್ಲ. ಈಗ ಗೌರಿ ಹಬ್ಬಕ್ಕೆ ರೇಟ್ ಸ್ವಲ್ಪ ಏರಿಸಿದ್ದೇವೆ. ಚಿಕ್ಕಪ್ಪನ ಫೋನ್‌ನಲ್ಲಿ ಹೊಸ ರೇಟ್ ಬರುತ್ತಿದೆ, ನನ್ನ ಲ್ಯಾಪ್‌ಟಾಪ್‌ನಲ್ಲೂ ಹೊಸದೇ. ಆದರೆ ಖಾಯಂ ಗಿರಾಕಿಗಳು ವಾಟ್ಸಾಪ್‌ನಲ್ಲಿ ಕಳಿಸಿದ ಲಿಂಕ್ ಒತ್ತಿದರೆ ಹಳೇ ರೇಟ್! ಸ್ಕ್ರೀನ್‌ಶಾಟ್ ತೆಗೆದು "ನೋಡಿ ಸ್ವಾಮಿ, ನಿಮ್ಮ ಸೈಟಲ್ಲೇ ಇದೆ" ಅಂತ ಜಗಳಕ್ಕೇ ಬರುತ್ತಾರೆ. ಚಿಕ್ಕಪ್ಪ ಮರ್ಯಾದೆಗೆ ಅಂಜಿ ಹಳೇ ರೇಟಿಗೇ ಕೊಡುತ್ತಿದ್ದಾರೆ.

ಸೈಟ್ ಮಾಡಿಕೊಟ್ಟವರನ್ನು ಕೇಳಿದರೆ "ಕ್ಯಾಶ್ ಕ್ಲಿಯರ್ ಮಾಡೋಕೆ ಹೇಳಿ" ಅಂತ ಫೋನ್ ಇಟ್ಟುಬಿಟ್ಟರು. ಕ್ಯಾಶ್ ಅಂದರೆ ದುಡ್ಡಲ್ಲವಂತೆ, ಬ್ರೌಸರ್ ತನ್ನ ಹತ್ತಿರ ಇಟ್ಟುಕೊಂಡ ಪುಟದ ಪ್ರತಿಯಂತೆ. ಎಪ್ಪತ್ತು ದಾಟಿದ ಅಜ್ಜಿಯರಿಗೆ ಕ್ಯಾಶ್ ಕ್ಲಿಯರ್ ಮಾಡಿ ಅಂತ ಹೇಗೆ ಹೇಳಲಿ? ನಾನು ಕಾಮರ್ಸ್ ಓದಿದವನು. ಸರ್ವರ್‌ನಲ್ಲಿ, ಅಂದರೆ ಸೈಟ್ ಇಟ್ಟಿರುವ ಕಂಪ್ಯೂಟರ್‌ನಲ್ಲಿ, ಒಂದು ಇದ್ದು ಫೋನ್‌ನಲ್ಲಿ ಇನ್ನೊಂದು ಹೇಗೆ ಬರುತ್ತದೆ ಅನ್ನುವುದೇ ತಲೆಗೆ ಹೋಗುತ್ತಿಲ್ಲ. ಇನ್ನೊಂದು ವಿಷಯ, ಸೈಟ್ ತೆರೆಯೋದು ತುಂಬಾ ನಿಧಾನ. ಮೆಟ್ರೋದಲ್ಲಿ ಕೂತು ತೆಗೆದರೆ ಬಿಳಿ ಪರದೆ ಬಿಟ್ಟು ಏನೂ ಕಾಣುವುದಿಲ್ಲ.

ಚುರುಮುರಿ
ಹಳೇ ರೇಟ್ ಬರುವ ಲಿಂಕ್ ಇಲ್ಲಿ ಹಾಕಿ ಗುರು, ಎರಡು ಡಜನ್ ಕಾಯಿ ಹೋಳಿಗೆ ಬೇಕಿತ್ತು.

ಯಶವಂತಪುರ_ಲೋಕಲ್
ಇದು ಡಿಎನ್‌ಎಸ್ ಸಮಸ್ಯೆ. ಬದಲಾವಣೆ ಎಲ್ಲಾ ಕಡೆ ಹರಡಲು 48 ಗಂಟೆ ಬೇಕು. ಕಾಯಿರಿ, ಸರಿ ಹೋಗುತ್ತದೆ.

ಸರ್ವರ್_ಸೀನ
ಅಯ್ಯೋ, ಏನೇ ಕೇಳಿದರೂ ಡಿಎನ್‌ಎಸ್, 48 ಗಂಟೆ! ಡಿಎನ್‌ಎಸ್‌ಗೂ ಹೋಳಿಗೆ ರೇಟಿಗೂ ಏನು ಸಂಬಂಧ ಸ್ವಾಮಿ? ಸೈಟಿನ ಹೆಸರು ಕೊಟ್ಟರೆ ಅದು ಇರುವ ಸರ್ವರ್‌ನ ಐಪಿ, ಅಂದರೆ ಅಂಕಿಗಳ ವಿಳಾಸ ಹೇಳುವುದಷ್ಟೇ ಡಿಎನ್‌ಎಸ್‌ನ ಕೆಲಸ. ಅವರು ಹೋಸ್ಟಿಂಗ್, ಅಂದರೆ ಸೈಟ್ ಇಟ್ಟಿರುವ ಸರ್ವರ್, ಬದಲಾಯಿಸಿಲ್ಲ, ವಿಳಾಸ ಹಾಗೇ ಇದೆ. ಪುಟದ ಒಳಗೆ ಏನು ಬರೆದಿದೆ ಅನ್ನುವುದು ಡಿಎನ್‌ಎಸ್‌ಗೆ ಗೊತ್ತೇ ಆಗುವುದಿಲ್ಲ. ಇನ್ನು ಆ 48 ಗಂಟೆಯೂ ಶಾಸನವೇನಲ್ಲ. ಪ್ರತಿ ದಾಖಲೆಗೂ ಟಿಟಿಎಲ್ ಅಂತ ಸೆಕೆಂಡುಗಳ ಲೆಕ್ಕ ಇರುತ್ತದೆ. 300 ಅಂತ ಇಟ್ಟರೆ ಐದು ನಿಮಿಷಕ್ಕೆ ಹಳೆಯದಾಯಿತು.

@ಹೋಳಿಗೆಮನೆ, ಒಂದು ಕೆಲಸ ಮಾಡಿ. ಲ್ಯಾಪ್‌ಟಾಪ್‌ನಲ್ಲಿ ಕ್ರೋಮ್ ತೆಗೆದು ಎಫ್12 ಒತ್ತಿ, ನೆಟ್‌ವರ್ಕ್ ಅನ್ನುವ ಟ್ಯಾಬ್‌ಗೆ ಹೋಗಿ, ರೇಟ್ ಪುಟ ತೆರೆಯಿರಿ. ಮೊದಲ ಸಾಲಿನ ಮೇಲೆ ಒತ್ತಿದರೆ ರೆಸ್ಪಾನ್ಸ್ ಹೆಡರ್ ಅಂತ ಒಂದು ಪಟ್ಟಿ ಬರುತ್ತದೆ. ಅದರಲ್ಲಿ ಕ್ಯಾಶ್-ಕಂಟ್ರೋಲ್ ಅಂತ ಇದೆಯಾ? ಇದ್ದರೆ ಅದರ ಮುಂದೆ ಏನಿದೆ? ಲಾಸ್ಟ್-ಮಾಡಿಫೈಡ್ ಇದೆಯಾ? ಅದನ್ನು ನೋಡದೆ ಇಲ್ಲಿ ಯಾರು ಏನು ಹೇಳಿದರೂ ಬರೀ ಊಹೆ.

ಕ್ಲೌಡ್_ಕೆಂಪ
ಸಿಂಪಲ್. ಸಿಡಿಎನ್, ಅಂದರೆ ಸೈಟಿನ ಪ್ರತಿ ಇಟ್ಟುಕೊಂಡು ಗಿರಾಕಿಗೆ ಹತ್ತಿರದಿಂದ ಕೊಡುವ ಸರ್ವರ್‌ಗಳ ಜಾಲ ಹಾಕಿಸಿ, ಪರ್ಜ್ ಬಟನ್ ಒತ್ತಿ, ಮುಗಿಯಿತು. ಈ ಕಾಲದಲ್ಲೂ ಸಿಡಿಎನ್ ಇಲ್ಲದೆ ಯಾರು ಸೈಟ್ ನಡೆಸುತ್ತಾರೆ?

ಸರ್ವರ್_ಸೀನ
ಪರ್ಜ್ ಮಾಡಿದರೆ ಸಿಡಿಎನ್‌ನ ಸರ್ವರ್‌ನಲ್ಲಿ ಇರುವ ಪ್ರತಿ ಹೋಗುತ್ತದೆ. ಅಜ್ಜಿಯ ಫೋನ್ ಒಳಗಿನ ಪ್ರತಿಯನ್ನು ಯಾವ ಬಟನ್ ಒತ್ತಿ ತೆಗೆಯುತ್ತೀಯ ಕೆಂಪಣ್ಣ?

ಕ್ಲೌಡ್_ಕೆಂಪ
ಸರಿ ಸರಿ, ಬ್ರೌಸರ್ ಕ್ಯಾಶ್ ಬೇರೆ. ಆದರೂ ಸಿಡಿಎನ್ ಇದ್ದರೆ ಒಳ್ಳೆಯದು ಅಂದೆ.

ಹೋಳಿಗೆಮನೆ
ಸೀನಣ್ಣ, ನೋಡಿದೆ. ಕ್ಯಾಶ್-ಕಂಟ್ರೋಲ್ ಅನ್ನುವ ಸಾಲೇ ಇಲ್ಲ. ಲಾಸ್ಟ್-ಮಾಡಿಫೈಡ್ ಇದೆ, ನಾವು ರೇಟ್ ಬದಲಾಯಿಸಿದ ದಿನದ ತಾರೀಖು ತೋರಿಸುತ್ತಿದೆ. ಇಟ್ಯಾಗ್ ಅಂತಲೂ ಒಂದಿದೆ, ಮುಂದೆ ಏನೇನೋ ಅಕ್ಷರ ಅಂಕಿ. ಎಷ್ಟು ದಿನ ಇಟ್ಟುಕೋ ಅಂತ ಸರ್ವರ್ ಹೇಳೇ ಇಲ್ಲ ಅಂದಮೇಲೆ ಬ್ರೌಸರ್ ಯಾಕೆ ಇಟ್ಟುಕೊಳ್ಳುತ್ತದೆ?

ಸರ್ವರ್_ಸೀನ
ಇದೇ ನಾನು ಅಂದುಕೊಂಡದ್ದು. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಬ್ರೌಸರ್ ಒಂದು ಪುಟ ಕೇಳುತ್ತದೆ, ಸರ್ವರ್ ಉತ್ತರ ಕೊಡುತ್ತದೆ. ಉತ್ತರದಲ್ಲಿ ಎರಡು ಭಾಗ. ಮೇಲೆ ಹೆಡರ್‌ಗಳು, ಕೆಳಗೆ ಪುಟ. ಈ ಪ್ರತಿಯನ್ನು ಎಷ್ಟು ಹೊತ್ತು ನಂಬಬಹುದು ಅನ್ನುವುದನ್ನು ಸರ್ವರ್ ಹೆಡರ್‌ನಲ್ಲಿ ಹೇಳಬೇಕು. ಕ್ಯಾಶ್-ಕಂಟ್ರೋಲ್‌ನಲ್ಲಿ ಮ್ಯಾಕ್ಸ್-ಏಜ್ 86400 ಅಂತ ಇದ್ದರೆ ಅಷ್ಟು ಸೆಕೆಂಡ್, ಅಂದರೆ ಒಂದು ದಿನ. ಅಷ್ಟು ಹೊತ್ತು ಬ್ರೌಸರ್ ಸರ್ವರ್ ಕಡೆ ತಿರುಗಿಯೂ ನೋಡುವುದಿಲ್ಲ, ತನ್ನ ಹತ್ತಿರ ಇರುವ ಪ್ರತಿಯನ್ನೇ ತೋರಿಸುತ್ತದೆ.

ಸರ್ವರ್ ಏನೂ ಹೇಳದೆ ಇದ್ದರೆ? ಆಗ ಬ್ರೌಸರ್ ತಾನೇ ಅಂದಾಜು ಮಾಡಬಹುದು ಅಂತ ಎಚ್‌ಟಿಟಿಪಿ, ಅಂದರೆ ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ನಿಯಮದಲ್ಲೇ ಇದೆ. ಪುಟ ಕೊನೇ ಸಲ ಬದಲಾಗಿ ಎಷ್ಟು ದಿನ ಆಗಿದೆಯೋ ಅದರ ಹತ್ತನೇ ಒಂದು ಭಾಗ, ಸಾಮಾನ್ಯವಾಗಿ ಇದೇ ಲೆಕ್ಕ. ನಿಮ್ಮ ಪುಟ ಯುಗಾದಿಯಿಂದ ಬದಲಾಗಿರಲಿಲ್ಲ ಅಲ್ವಾ? ಯಾರೋ ಗಿರಾಕಿ ಅದನ್ನು 120 ದಿನ ಆದ ಮೇಲೆ ನೋಡಿದ್ದರು ಅಂದುಕೊಳ್ಳಿ. ಅವರ ಬ್ರೌಸರ್ "ಇದು ನಾಲ್ಕು ತಿಂಗಳಿಂದ ಹೀಗೇ ಇದೆ, ಇನ್ನು 12 ದಿನ ಬದಲಾಗಲಿಕ್ಕಿಲ್ಲ" ಅಂತ ತೀರ್ಮಾನ ಮಾಡಿ ಕೂತಿದೆ. ನೀವು ಎರಡನೇ ದಿನವೇ ರೇಟ್ ಬದಲಾಯಿಸಿದರೆ ಅದಕ್ಕೆ ಹೇಗೆ ಗೊತ್ತಾಗಬೇಕು? ಸರ್ವರ್ ತಾನಾಗಿ ಯಾರ ಫೋನ್‌ಗೂ ಹೋಗಿ ಹೇಳುವುದಿಲ್ಲ. ಕೇಳಿದರೆ ಮಾತ್ರ ಉತ್ತರ.

ಚಿಕ್ಕಪ್ಪನ ಫೋನ್‌ನಲ್ಲಿ ಹೊಸದು ಬಂದದ್ದಕ್ಕೂ ಇದೇ ಕಾರಣ. ಅವರು ರಿಫ್ರೆಶ್ ಒತ್ತಿ ಒತ್ತಿ ನೋಡಿರುತ್ತಾರೆ. ರಿಫ್ರೆಶ್ ಒತ್ತಿದರೆ ಬ್ರೌಸರ್ ತನ್ನ ಪ್ರತಿಯನ್ನು ನಂಬದೆ ಸರ್ವರ್‌ನ ಕೇಳಲೇಬೇಕು. ಗಿರಾಕಿಗಳು ಲಿಂಕ್ ಒತ್ತುತ್ತಾರೆ ಅಷ್ಟೆ, ರಿಫ್ರೆಶ್ ಯಾರು ಮಾಡುತ್ತಾರೆ?

ಹೋಳಿಗೆಮನೆ
ಹೌದು! ಚಿಕ್ಕಪ್ಪ ಆವತ್ತು ಪರದೆ ಕೆಳಗೆ ಎಳೆದು ಎಳೆದು ಬಿಟ್ಟಿದ್ದರು. ಈಗ ಅರ್ಥವಾಯಿತು. ಪರಿಹಾರ?

ರಾತ್ರಿಪಾಳಿ
ಸೀನಣ್ಣ ಮಲಗಿರಬೇಕು, ನಾನು ಹೇಳುತ್ತೇನೆ. ಎರಡು ಕೆಲಸ ಇದೆ, ಎರಡೂ ಬೇರೆ ಬೇರೆ.

ಮುಂದಿನ ದಿನಗಳಿಗೆ: ರೇಟ್ ಪುಟಕ್ಕೆ ಕ್ಯಾಶ್-ಕಂಟ್ರೋಲ್ ನೋ-ಕ್ಯಾಶ್ ಅಂತ ಹಾಕಿಸಿ. ಹೆಸರು ನೋಡಿ ಮೋಸ ಹೋಗಬೇಡಿ. ನೋ-ಕ್ಯಾಶ್ ಇದ್ದರೂ ಬ್ರೌಸರ್ ಪ್ರತಿ ಇಟ್ಟುಕೊಳ್ಳುತ್ತದೆ, ಆದರೆ ತೋರಿಸುವ ಮೊದಲು ಪ್ರತಿ ಸಲ ಸರ್ವರ್‌ನ ಕೇಳುತ್ತದೆ. ಇಟ್ಯಾಗ್ ಅಂದರೆ ಆ ಪ್ರತಿಯ ಗುರುತು. "ನನ್ನ ಹತ್ತಿರ ಈ ಇಟ್ಯಾಗ್ ಇರುವ ಪ್ರತಿ ಇದೆ, ಇದೇ ನಡೆಯುತ್ತಾ?" ಬದಲಾಗಿಲ್ಲದಿದ್ದರೆ ಸರ್ವರ್ 304 ಅಂತ ಪುಟ್ಟ ಉತ್ತರ ಕೊಡುತ್ತದೆ, ಪುಟ ಮತ್ತೆ ಕಳಿಸುವುದಿಲ್ಲ. ಬದಲಾಗಿದ್ದರೆ 200 ಜೊತೆ ಹೊಸ ಪುಟ. ಇಟ್ಟುಕೊಳ್ಳಲೇಬೇಡ ಅನ್ನಬೇಕಾದರೆ ನೋ-ಸ್ಟೋರ್ ಬೇರೆ ಇದೆ, ಅದು ಬ್ಯಾಂಕಿನವರಿಗೆ ಬೇಕು, ನಿಮಗೆ ಬೇಡ.

ಈಗಾಗಲೇ ಹಳೇ ಪ್ರತಿ ಇಟ್ಟುಕೊಂಡವರಿಗೆ: ಆ ಹೆಡರ್‌ನಿಂದ ಏನೂ ಆಗುವುದಿಲ್ಲ. ಅವರ ಬ್ರೌಸರ್ ನಿಮ್ಮ ಸರ್ವರ್ ಹತ್ತಿರ ಬಂದರೆ ತಾನೆ ಹೊಸ ಹೆಡರ್ ಕಾಣುವುದು? ಅದಕ್ಕೆ ಪುಟದ ವಿಳಾಸವನ್ನೇ ಬದಲಾಯಿಸಿ. ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಗೌರಿ ಅಂತ ಸೇರಿಸಿದರೂ ಸಾಕು. ಬ್ರೌಸರ್‌ಗೆ ವಿಳಾಸದಲ್ಲಿ ಒಂದಕ್ಷರ ಬೇರೆ ಇದ್ದರೂ ಅದು ಬೇರೆ ಪುಟ. ಆ ಹೊಸ ಲಿಂಕ್ ಅನ್ನು ವಾಟ್ಸಾಪ್‌ನಲ್ಲಿ ಕಳಿಸಿ.

ಪ್ರಶ್ನೆಪತ್ರಿಕೆ
ಮಧ್ಯೆ ಬಂದೆ, ಕ್ಷಮಿಸಿ. ನಾನು ಎಂಸಿಎ ಕೊನೇ ಸೆಮಿಸ್ಟರ್. ಹೋದ ಇಂಟರ್ವ್ಯೂನಲ್ಲೆಲ್ಲಾ "ಬ್ರೌಸರ್‌ನಲ್ಲಿ ವಿಳಾಸ ಹಾಕಿ ಎಂಟರ್ ಒತ್ತಿದ ಮೇಲೆ ಏನಾಗುತ್ತದೆ" ಅಂತ ಕೇಳುತ್ತಾರೆ. ಯೂಟ್ಯೂಬ್ ನೋಡಿ ಬಾಯಿಪಾಠ ಮಾಡಿದ್ದೇನೆ, ಆದರೆ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೇನೆ. ಯಾರಾದರೂ ಕನ್ನಡದಲ್ಲಿ ಒಂದೇ ಸಲ ಹೇಳುತ್ತೀರಾ?

ಚುರುಮುರಿ
ಹೊರವರ್ತುಲ ರಸ್ತೆಯಲ್ಲಿ ಎಂಟರ್ ಒತ್ತಿದರೆ ಟ್ರಾಫಿಕ್ ಜಾಮ್ ಆಗುತ್ತದೆ ಅನ್ನಿ, ಕೆಲಸ ಗ್ಯಾರಂಟಿ.

ರಾತ್ರಿಪಾಳಿ
ಬಾಯಿಪಾಠ ಬಿಡಿ. ಪ್ರತಿ ಹಂತದಲ್ಲೂ "ಇದು ಯಾಕೆ ಬೇಕು" ಅಂತ ಕೇಳಿಕೊಳ್ಳಿ, ತಾನೇ ನೆನಪಿರುತ್ತದೆ.

ಬ್ರೌಸರ್ ಮೊದಲು ತನ್ನ ಹತ್ತಿರ ಪ್ರತಿ ಇದೆಯಾ ನೋಡುತ್ತದೆ. ಮೇಲೆ ನಡೆದದ್ದು ಪೂರ್ತಿ ಅದೇ ಕಥೆ, ಆದರೆ ಬಹಳ ಜನ ಇಂಟರ್ವ್ಯೂನಲ್ಲಿ ಇದನ್ನೇ ಬಿಡುತ್ತಾರೆ. ಇಲ್ಲದಿದ್ದರೆ ಹೆಸರಿನಿಂದ ಐಪಿ ಬೇಕು. ಮೊದಲು ಫೋನ್‌ನ ನೆನಪಿನಲ್ಲಿ ನೋಡುತ್ತದೆ, ಆಮೇಲೆ ನಿಮ್ಮ ಇಂಟರ್ನೆಟ್ ಕಂಪನಿಯ ರಿಸಾಲ್ವರ್, ಅಂದರೆ ಹೆಸರಿಗೆ ಐಪಿ ಹುಡುಕಿಕೊಡುವ ಸರ್ವರ್‌ನ ಕೇಳುತ್ತದೆ. ಅಲ್ಲೂ ನೆನಪಿಲ್ಲದಿದ್ದರೆ ರಿಸಾಲ್ವರ್ ರೂಟ್ ಸರ್ವರ್‌ನಿಂದ ಶುರು ಮಾಡಿ ಕೆಳಗೆ ಇಳಿಯುತ್ತಾ ಕೇಳುತ್ತದೆ. ರೂಟ್‌ಗೆ ಇರುವುದು 13 ಹೆಸರು, ಎ ಯಿಂದ ಎಂ ವರೆಗೆ. ಹಾಗಂತ 13 ಯಂತ್ರ ಅಂದುಕೊಂಡು ಹೇಳಬೇಡಿ, ಒಂದೇ ಹೆಸರಿನ ಹಿಂದೆ ಜಗತ್ತಿನ ಎಷ್ಟೋ ಕಡೆ ಯಂತ್ರಗಳಿವೆ.

ಐಪಿ ಸಿಕ್ಕಿತು. ಈಗ ಟಿಸಿಪಿ, ಅಂದರೆ ಡೇಟಾ ತಪ್ಪದೆ ತಲುಪಿಸುವ ಸಂಪರ್ಕ: ಇಲ್ಲಿಂದ ಸಿನ್, ಅಲ್ಲಿಂದ ಸಿನ್-ಆಕ್, ಮತ್ತೆ ಇಲ್ಲಿಂದ ಆಕ್. ಎರಡೂ ಕಡೆಯವರು ಕೇಳಿಸುತ್ತಿದೆ ಅಂತ ಖಾತ್ರಿ ಮಾಡಿಕೊಂಡ ಹಾಗೆ. ಎಚ್‌ಟಿಟಿಪಿಎಸ್ ಆದರೆ 443ನೇ ಪೋರ್ಟ್, ಅದರ ಮೇಲೆ ಟಿಎಲ್‌ಎಸ್, ಅಂದರೆ ಮಧ್ಯೆ ಯಾರೂ ಓದದ ಹಾಗೆ ಗುಟ್ಟು ಕಾಯುವ ಪದರ. ಸರ್ವರ್ ಸರ್ಟಿಫಿಕೇಟ್ ಕೊಡುತ್ತದೆ. ಅದರಲ್ಲಿರುವ ಹೆಸರು ಕೇಳಿದ ಹೆಸರಿಗೆ ಹೊಂದುತ್ತದಾ, ಅವಧಿ ಮುಗಿದಿದೆಯಾ, ಸಹಿ ಹಾಕಿದವರನ್ನು ನಂಬಬಹುದಾ, ಬ್ರೌಸರ್ ಇಷ್ಟು ನೋಡುತ್ತದೆ. ಹಳೇ ಟಿಎಲ್‌ಎಸ್ 1.2ರಲ್ಲಿ ಇದಕ್ಕೆ ಎರಡು ಸಲ ಹೋಗಿಬರಬೇಕಿತ್ತು. 2018ರಲ್ಲಿ ಬಂದ 1.3ರಲ್ಲಿ ಒಂದೇ ಸಲ ಸಾಕು.

ಇಷ್ಟೆಲ್ಲಾ ಆದ ಮೇಲೆ ಅಸಲಿ ಪ್ರಶ್ನೆ: ಗೆಟ್, ಈ ಪುಟ. ಉತ್ತರ ಬಂದ ಮೇಲೆ ಬ್ರೌಸರ್ ಎಚ್‌ಟಿಎಂಎಲ್ ಓದಿ ಡಾಮ್, ಅಂದರೆ ಪುಟದ ಭಾಗಗಳ ಹಂದರ ಕಟ್ಟುತ್ತದೆ. ಓದುತ್ತಾ ಹೋದ ಹಾಗೆ ಸಿಎಸ್‌ಎಸ್, ಸ್ಕ್ರಿಪ್ಟ್, ಫೋಟೋ, ಫಾಂಟ್ ಅಂತ ಹೊಸ ಹೊಸ ವಿಳಾಸ ಸಿಗುತ್ತವೆ, ಪ್ರತಿಯೊಂದಕ್ಕೂ ಮತ್ತೆ ಗೆಟ್. ಒಂದು ಪುಟ ಅಂದರೆ ಒಂದು ಪ್ರಶ್ನೆ ಅಲ್ಲ, ನೂರಾರು ಇರಬಹುದು. ಆಮೇಲೆ ಯಾವುದು ಎಲ್ಲಿ ಕೂರಬೇಕು ಅಂತ ಲೇಔಟ್, ಕೊನೆಗೆ ಪರದೆಗೆ ಬಣ್ಣ.

ಎರಡನೇ ಪ್ರಶ್ನೆ ಸಾಮಾನ್ಯವಾಗಿ "ಸ್ಕ್ರಿಪ್ಟ್ ಮಧ್ಯದಲ್ಲಿ ಬಂದರೆ?" ಅಂತ ಇರುತ್ತದೆ. ಡೆಫರ್ ಅಥವಾ ಅಸಿಂಕ್, ಅಂದರೆ ಇದು ಬರುವವರೆಗೆ ಕಾಯಬೇಡ ಅನ್ನುವ ಗುರುತು ಇಲ್ಲದ ಮಾಮೂಲಿ ಸ್ಕ್ರಿಪ್ಟ್ ಸಿಕ್ಕಿದರೆ ಬ್ರೌಸರ್ ಎಚ್‌ಟಿಎಂಎಲ್‌ನಿಂದ ಡಾಮ್ ಕಟ್ಟುವುದನ್ನು ನಿಲ್ಲಿಸುತ್ತದೆ. ಅದನ್ನು ತರಿಸಿ, ಓಡಿಸಿ, ಆಮೇಲೆ ಮುಂದಕ್ಕೆ. @ಹೋಳಿಗೆಮನೆ, ನಿಮ್ಮ ಮೆಟ್ರೋ ಬಿಳಿ ಪರದೆಗೂ ಇದೇ ಕಾರಣ ಇರಬಹುದು. ಪುಟದ ಮೇಲ್ಭಾಗದಲ್ಲಿ ಚಾಟ್ ಡಬ್ಬಿ ಗಿಬ್ಬಿಯ ಸ್ಕ್ರಿಪ್ಟ್ ಏನಾದರೂ ಹಾಕಿದ್ದಾರಾ?

ಹೋಳಿಗೆಮನೆ
ಹಾಕಿದ್ದಾರೆ! ಬಲಗಡೆ ಮೂಲೆಯಲ್ಲಿ "ನಮಸ್ತೆ, ಹೇಗೆ ಸಹಾಯ ಮಾಡಲಿ" ಅನ್ನುವ ಡಬ್ಬಿ. ಯಾರೂ ಒಂದು ದಿನವೂ ಅದರಲ್ಲಿ ಮಾತಾಡಿಲ್ಲ. ಎಲ್ಲರೂ ಫೋನೇ ಮಾಡುವುದು.

ಯಶವಂತಪುರ_ಲೋಕಲ್
ನಿಧಾನಕ್ಕೆ ಕಾರಣ ಸರ್ವರ್ ಅಮೆರಿಕದಲ್ಲಿ ಇರುವುದು. ಅಗ್ಗದ ಹೋಸ್ಟಿಂಗ್ ಎಲ್ಲಾ ಅಲ್ಲೇ. ಇದಾದರೂ ಒಪ್ಪುತ್ತೀರಾ ಸೀನಣ್ಣ?

ಸರ್ವರ್_ಸೀನ
ಅರ್ಧ ಒಪ್ಪುತ್ತೇನೆ. ಲೆಕ್ಕ ಹಾಕೋಣ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ಅಮೆರಿಕದ ಪೂರ್ವ ಕರಾವಳಿಗೆ ನೇರ ದೂರವೇ 13 ಸಾವಿರ ಕಿಲೋಮೀಟರ್ ಮೇಲೆ. ಹೋಗಿಬರಲು ಏನಿಲ್ಲ ಅಂದರೂ 130 ಮಿಲಿಸೆಕೆಂಡ್. ಕೇಬಲ್ ನೇರ ಹೋಗುವುದಿಲ್ಲ, ಸಮುದ್ರದಲ್ಲಿ ಸುತ್ತಿ ಬಳಸಿ ಹೋಗುತ್ತದೆ, ಅದಕ್ಕೆ ಅಸಲಿಗೆ 200 ದಾಟುತ್ತದೆ. ಟಿಸಿಪಿಗೆ ಒಂದು ಸಲ, ಟಿಎಲ್‌ಎಸ್‌ಗೆ ಒಂದು ಸಲ, ಪುಟ ಕೇಳಲು ಒಂದು ಸಲ. ಮೊದಲ ಅಕ್ಷರ ಬರುವ ಮೊದಲೇ 600 ಮಿಲಿಸೆಕೆಂಡ್ ಹೋಯಿತು. ಅದೇ ಸರ್ವರ್ ಮುಂಬೈಯಲ್ಲಿ ಇದ್ದರೆ ಇಷ್ಟೂ 100ರ ಒಳಗೆ ಮುಗಿಯುತ್ತದೆ. ಇಲ್ಲಿಯವರೆಗೂ ನಿಮ್ಮ ಮಾತು ಸರಿ.

ಆದರೆ 600 ಮಿಲಿಸೆಕೆಂಡ್ ಅಂದರೆ ಒಂದು ಸೆಕೆಂಡೂ ಅಲ್ಲ. ಅವರು ಹೇಳುತ್ತಿರುವುದು ಪರದೆ ಬಿಳಿಯಾಗಿ ನಿಂತುಬಿಡುತ್ತದೆ ಅಂತ. ದೂರ ಒಂದೇ ಅಷ್ಟು ಮಾಡುವುದಿಲ್ಲ. ಫೋಟೋ ಎಷ್ಟು ದೊಡ್ಡದು ಕೇಳಿ.

ಹೋಳಿಗೆಮನೆ
ನೆಟ್‌ವರ್ಕ್ ಟ್ಯಾಬ್‌ನಲ್ಲಿ ಒಂದೊಂದು ಫೋಟೋ 4 ಎಂಬಿ ತೋರಿಸುತ್ತಿದೆ. ಫೋನ್‌ನಲ್ಲಿ ತೆಗೆದದ್ದನ್ನು ಹಾಗೇ ಹಾಕಿದ್ದಾರೆ. ಮೊದಲ ಪುಟದಲ್ಲೇ ಹತ್ತು ಹನ್ನೆರಡು ಇವೆ.

ಕ್ಲೌಡ್_ಕೆಂಪ
ಒಬ್ಬಟ್ಟು ನೋಡಲು 40 ಎಂಬಿ! ಅಷ್ಟು ಡೇಟಾ ಖರ್ಚು ಮಾಡುವ ಬದಲು ಆಟೋ ಹಿಡಿದು ಅಂಗಡಿಗೇ ಬರಬಹುದು.

ಸರ್ವರ್_ಸೀನ
ಸಿಕ್ಕಿತಲ್ಲ. ಇನ್ನೊಂದು ವಿಷಯ. ಟಿಸಿಪಿ ಮೊದಲೇ ಪೂರ್ತಿ ವೇಗದಲ್ಲಿ ಕಳಿಸುವುದಿಲ್ಲ. ದಾರಿ ಎಷ್ಟು ತಡೆಯುತ್ತದೆ ಅಂತ ಗೊತ್ತಿಲ್ಲದೆ ಮೊದಲು ಹತ್ತು ಪ್ಯಾಕೆಟ್ (ಡೇಟಾದ ತುಣುಕು), ಅಂದರೆ ಸುಮಾರು 14 ಕೆಬಿ ಕಳಿಸಿ ಕಾಯುತ್ತದೆ. ತಲುಪಿತು ಅಂತ ಸುದ್ದಿ ಬಂದರೆ ಅದರ ದುಪ್ಪಟ್ಟು. ಹೀಗೆ ಏರುತ್ತಾ ಹೋಗುತ್ತದೆ. ಹಾಗಾಗಿ ಪುಟದ ಮುಖ್ಯ ಭಾಗ ಆ 14 ಕೆಬಿ ಒಳಗೆ ಬಂದರೆ ಗಿರಾಕಿಗೆ ಬೇಗ ಏನಾದರೂ ಕಾಣುತ್ತದೆ. ನಿಮ್ಮ ರೇಟ್ ಪಟ್ಟಿ ಅಷ್ಟರಲ್ಲಿ ಆರಾಮಾಗಿ ಹಿಡಿಯುತ್ತದೆ.

ಫೋಟೋಗಳನ್ನು ಪರದೆಗೆ ಬೇಕಾದ ಅಳತೆಗೆ ಇಳಿಸಿ, ವೆಬ್‌ಪಿ ಅನ್ನುವ ಹಗುರ ಮಾದರಿಗೆ ಮಾಡಿಸಿ, ಕೆಳಗಿನವುಗಳಿಗೆ ಲೇಜಿ ಲೋಡಿಂಗ್, ಅಂದರೆ ಅಲ್ಲಿಗೆ ಬಂದಾಗ ಮಾತ್ರ ತರಿಸುವ ಏರ್ಪಾಡು ಹಾಕಿಸಿ. ಫೋಟೋ ಫೈಲ್‌ಗಳಿಗೆ ಮಾತ್ರ ಮ್ಯಾಕ್ಸ್-ಏಜ್ 31536000, ಅಂದರೆ ಒಂದು ವರ್ಷ ಕೊಡಿ. ಫೋಟೋ ಬದಲಾದರೆ ಫೈಲ್ ಹೆಸರು ಬದಲಾಯಿಸಿದರಾಯಿತು. ಪುಟಕ್ಕೆ ನೋ-ಕ್ಯಾಶ್, ಫೋಟೋಗೆ ವರ್ಷ. ಎರಡಕ್ಕೂ ಒಂದೇ ನಿಯಮ ಹಾಕುವವರೇ ಜಾಸ್ತಿ, ತೊಂದರೆ ಶುರುವಾಗುವುದೇ ಅಲ್ಲಿ.

ಗಾಂಧಿಬಜಾರ್_ಗೌರಿ
ಫೋಟೋಗೆ ಅಗಲ ಎತ್ತರವನ್ನೂ ಎಚ್‌ಟಿಎಂಎಲ್‌ನಲ್ಲಿ ಬರೆಸಿ. ಇಲ್ಲದಿದ್ದರೆ ಬ್ರೌಸರ್‌ಗೆ ಎಷ್ಟು ಜಾಗ ಬಿಡಬೇಕು ಅಂತ ಗೊತ್ತಾಗುವುದಿಲ್ಲ. ಆರ್ಡರ್ ಬಟನ್ ಒತ್ತಲು ಬೆರಳು ಇಡುವಷ್ಟರಲ್ಲಿ ಫೋಟೋ ಬಂದು ಬಟನ್ ಕೆಳಗೆ ಜಾರಿರುತ್ತದೆ. ನಾನು ಹೀಗೇ ಬೇರೆ ಯಾವುದೋ ಸೈಟಿನಲ್ಲಿ ಬೇಡದ್ದನ್ನು ಆರ್ಡರ್ ಮಾಡಿದ್ದುಂಟು, ಹಣ ವಾಪಸ್ ಬರಲೇ ಇಲ್ಲ.

ಹಳೇ_ಮೋಡೆಮ್
ನಿಮ್ಮ ಮಾತೆಲ್ಲಾ ಓದಿ ಖುಷಿಯಾಯಿತು ಮಕ್ಕಳೇ. ನಾನು ನಿವೃತ್ತ, ಬೇರೆ ಕೆಲಸ ಇಲ್ಲ, ಸ್ವಲ್ಪ ಹಳೇ ಪುರಾಣ ಹೇಳುತ್ತೇನೆ.

ವೆಬ್ ಶುರುವಾದದ್ದು ಜಿನೀವಾ ಹತ್ತಿರದ ಸರ್ನ್ ಪ್ರಯೋಗಾಲಯದಲ್ಲಿ. ಟಿಮ್ ಬರ್ನರ್ಸ್-ಲೀ 1989ರಲ್ಲಿ ಪ್ರಸ್ತಾವನೆ ಕೊಟ್ಟರು, 1990ರ ಕೊನೆಗೆ ಮೊದಲ ಸರ್ವರ್, ಮೊದಲ ಬ್ರೌಸರ್ ಎರಡೂ ಓಡುತ್ತಿದ್ದವು. ಸರ್ವರ್ ಅಂದರೆ ಅವರ ಮೇಜಿನ ಮೇಲಿನ ನೆಕ್ಸ್ಟ್ ಕಂಪ್ಯೂಟರ್. ಯಾರಾದರೂ ಆರಿಸಿಬಿಟ್ಟಾರು ಅಂತ "ಈ ಯಂತ್ರ ಸರ್ವರ್, ಆಫ್ ಮಾಡಬೇಡಿ" ಅಂತ ಚೀಟಿ ಅಂಟಿಸಿದ್ದರು. ನಮ್ಮ ಊರಲ್ಲಿ ಆಗಿದ್ದರೆ ಚೀಟಿ ಅಂಟಿಸಿ ಏನು ಪ್ರಯೋಜನ, ಕರೆಂಟ್ ಹೋಗುವುದಕ್ಕೆ ಚೀಟಿ ಓದಲು ಬರುತ್ತದಾ?

ಆಗ ಎಚ್‌ಟಿಟಿಪಿ ಅಂದರೆ ಒಂದೇ ಸಾಲು. ಗೆಟ್, ಅದರ ಮುಂದೆ ಪುಟದ ದಾರಿ. ಉತ್ತರವಾಗಿ ಬರೀ ಪುಟ. ಹೆಡರ್ ಇಲ್ಲ, 404 ಇಲ್ಲ, ಏನೂ ಇಲ್ಲ. ಹೆಡರ್‌ಗಳ ಜೊತೆ 1.0 ದಾಖಲಾದದ್ದು 1996ರಲ್ಲಿ. ನೀವು ಹೊಡೆದಾಡುತ್ತಿರುವ ಕ್ಯಾಶ್-ಕಂಟ್ರೋಲ್ ಬಂದದ್ದು 1.1ರಲ್ಲಿ, 1997. ಅಂದರೆ ಅದು ಇದ್ದೂ ಇಷ್ಟು ವರ್ಷ ಆಗಿದೆ, ಸೈಟ್ ಮಾಡಿಕೊಡುವವರು ಇನ್ನೂ ಹಾಕುವುದಿಲ್ಲ.

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಮೂಲಕ. ಮೋಡೆಮ್ ಕಿರುಚಿ ಕಿರುಚಿ ಸಂಪರ್ಕ ಸಿಕ್ಕರೆ ಮನೆಯ ಫೋನ್ ಎಂಗೇಜ್. ಪುಟದ ಫೋಟೋ ಮೇಲಿನಿಂದ ಒಂದೊಂದೇ ಗೆರೆಯಾಗಿ ಇಳಿಯುವುದನ್ನು ಕಾಯುತ್ತಾ ಕಾಫಿ ಕುಡಿದು ಬರುತ್ತಿದ್ದೆವು.

ಗಾಂಧಿಬಜಾರ್_ಗೌರಿ
ಮೋಡೆಮ್ ಸರ್, ಆಗಿನ ಕನ್ನಡ ಸೈಟುಗಳು ನೆನಪಿವೆಯಾ? ಒಂದೊಂದು ಸೈಟಿಗೂ ಒಂದೊಂದು ಫಾಂಟ್ ಇಳಿಸಿಕೊಳ್ಳಬೇಕಿತ್ತು. ಇಲ್ಲದಿದ್ದರೆ ಬರೀ ಇಂಗ್ಲಿಷ್ ಅಕ್ಷರ, ಕೊಕ್ಕೆ, ಚಿಹ್ನೆಗಳ ರಾಶಿ. ನಾನು ಡಿಟಿಪಿ ಮಾಡುತ್ತಿದ್ದವಳು, ಇವತ್ತಿಗೂ ನುಡಿ ತಂತ್ರಾಂಶದ ಹಳೇ ಫೈಲ್ ಕಳಿಸಿ "ಮೇಡಂ, ವೆಬ್‌ಸೈಟಿಗೆ ಹಾಕಿದರೆ ಕನ್ನಡ ಬರ್ತಿಲ್ಲ" ಅನ್ನುವವರು ಸಿಗುತ್ತಾರೆ.

ಹಳೇ_ಮೋಡೆಮ್
ನೆನಪಿಲ್ಲದೆ ಏನು! ಸರ್ವರ್ ಕಳಿಸುತ್ತಿದ್ದದ್ದು ಇಂಗ್ಲಿಷ್ ಅಕ್ಷರದ ಸಂಕೇತಗಳನ್ನೇ, ಅದರ ಮೇಲೆ ಕನ್ನಡದ ಆಕಾರ ಕೂರಿಸುತ್ತಿದ್ದದ್ದು ಫಾಂಟ್. ಫಾಂಟ್ ಇಲ್ಲದ ಬ್ರೌಸರ್ ಪಾಪ ಏನು ಮಾಡೀತು.

ಪ್ರಶ್ನೆಪತ್ರಿಕೆ
ಈಗ ಎಲ್ಲಾ ಭಾಷೆಗೂ ಒಂದೇ ಸಂಕೇತಪಟ್ಟಿ ಅಂತ ಯುನಿಕೋಡ್ ಬಂದ ಮೇಲೂ ಕೆಲವು ಪುಟದಲ್ಲಿ ಕನ್ನಡ ಹಾಳಾಗಿ ಬರುತ್ತದಲ್ಲ, ಯಾಕೆ?

ಗಾಂಧಿಬಜಾರ್_ಗೌರಿ
ಸರ್ವರ್ ಕಳಿಸುವುದು ಬರೀ ಬೈಟ್‌ಗಳನ್ನು. ಅವನ್ನು ಯಾವ ಲೆಕ್ಕದಲ್ಲಿ ಓದಬೇಕು ಅಂತ ಕಂಟೆಂಟ್-ಟೈಪ್ ಹೆಡರ್‌ನಲ್ಲಿ ಹೇಳಬೇಕು, ಯುಟಿಎಫ್-8 ಅಂತ. ಹೆಡರ್‌ನಲ್ಲೂ ಪುಟದಲ್ಲೂ ಹೇಳದೆ ಬಿಟ್ಟರೆ ಬ್ರೌಸರ್ ಇಲ್ಲೂ ಊಹೆ ಮಾಡುತ್ತದೆ. ಊಹೆ ತಪ್ಪಿದರೆ ಒಂದೊಂದು ಕನ್ನಡ ಅಕ್ಷರದ ಜಾಗದಲ್ಲಿ ಮೂರು ಮೂರು ವಿಚಿತ್ರ ಚಿಹ್ನೆ. ಯಾಕೆ ಮೂರು ಅಂದರೆ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. "ಕನ್ನಡ" ಅಂತ ಬರೆದರೆ ಕ, ನ, ಒತ್ತಕ್ಷರ ಮಾಡುವ ವಿರಾಮ (್), ಇನ್ನೊಂದು ನ, ಡ. ಐದು ಸಂಕೇತ, 15 ಬೈಟ್.

ಕ್ಲೌಡ್_ಕೆಂಪ
ಅಂದರೆ ಕನ್ನಡ ಸೈಟ್ ಇಂಗ್ಲಿಷ್ ಸೈಟಿಗಿಂತ ಮೂರು ಪಟ್ಟು ಭಾರ?

ರಾತ್ರಿಪಾಳಿ
ಹೇಳಲು ಹಾಗೆ ಕಾಣುತ್ತದೆ, ಆದರೆ ಸರ್ವರ್ ಜಿಜಿಪ್ ಮಾಡಿ, ಅಂದರೆ ಹಿಂಡಿ ಸಣ್ಣದು ಮಾಡಿ ಕಳಿಸಿದರೆ ವ್ಯತ್ಯಾಸ ತುಂಬಾ ಇಳಿಯುತ್ತದೆ. ಎಲ್ಲಾ ಕನ್ನಡ ಸಂಕೇತಗಳ ಮೊದಲ ಬೈಟ್ ಒಂದೇ, ಎರಡನೆಯದು ಎರಡರಲ್ಲಿ ಒಂದು. ಹೀಗೆ ಮತ್ತೆ ಮತ್ತೆ ಬರುವುದನ್ನೇ ಜಿಜಿಪ್ ಚೆನ್ನಾಗಿ ಹಿಂಡುವುದು. ಒಂದು 4 ಎಂಬಿ ಫೋಟೋ ಮುಂದೆ ಇಡೀ ಪುಟದ ಕನ್ನಡ ಲೆಕ್ಕಕ್ಕೇ ಇಲ್ಲ.

ಯಶವಂತಪುರ_ಲೋಕಲ್
ವಿಷಯಕ್ಕೆ ಬರೋಣ. ಪಿಯುಸಿ ರಿಸಲ್ಟ್ ದಿನ ನಮ್ಮ ಮಗಳ ಅಂಕ ನೋಡಲು ಒಂದು ಸೈಟ್ ತೆರೆದರೆ ಬೆಳಿಗ್ಗೆಯಿಂದ 502, 503, 504 ಅಂತ ಒಂದೊಂದು ಸಲ ಒಂದೊಂದು. ನಾನೂ ಬಿಡದೆ ರಿಫ್ರೆಶ್ ಮಾಡುತ್ತಲೇ ಇದ್ದೆ. ಇವುಗಳ ಅರ್ಥ ಏನು?

ರಾತ್ರಿಪಾಳಿ
5ರಿಂದ ಶುರುವಾದರೆ ತೊಂದರೆ ಸರ್ವರ್ ಕಡೆ, 4ರಿಂದ ಶುರುವಾದರೆ ಕೇಳಿದ್ದರಲ್ಲೇ ಏನೋ ಸರಿ ಇಲ್ಲ. ದೊಡ್ಡ ಸೈಟಿನಲ್ಲಿ ನೀವು ಮಾತಾಡುವುದು ಮುಂದೆ ನಿಂತ ಸರ್ವರ್ ಜೊತೆ, ಅಂಕ ಹುಡುಕುವುದು ಹಿಂದಿನ ಸರ್ವರ್. ಹಿಂದಿನದು ಹಾಳು ಉತ್ತರ ಕೊಟ್ಟರೆ 502. ಹೊತ್ತಿಗೆ ಸರಿಯಾಗಿ ಉತ್ತರವನ್ನೇ ಕೊಡದಿದ್ದರೆ 504. ಈಗ ಆಗುವುದಿಲ್ಲ, ಆಮೇಲೆ ಬಾ ಅಂದರೆ 503. ಎಷ್ಟು ಹೊತ್ತು ಬಿಟ್ಟು ಬರಬೇಕು ಅಂತ ಹೇಳಲು ರಿಟ್ರೈ-ಆಫ್ಟರ್ ಅನ್ನುವ ಹೆಡರ್ ಕೂಡ ಇದೆ.

ನೀವು ರಿಫ್ರೆಶ್ ಮಾಡಿದಾಗಲೆಲ್ಲಾ ಹಿಂದಿನ ಸರ್ವರ್‌ಗೆ ಇನ್ನೊಂದು ಕೆಲಸ. ಮೊದಲು ಕೇಳಿದ್ದನ್ನು ನೀವು ಬಿಟ್ಟರೂ ಅದು ಬಹಳ ಸಲ ಅದನ್ನು ಹುಡುಕುತ್ತಲೇ ಇರುತ್ತದೆ. ಲಕ್ಷಾಂತರ ಅಪ್ಪ ಅಮ್ಮಂದಿರು ಒಟ್ಟಿಗೆ ಹೀಗೆ ಮಾಡಿದರೆ ಅದು ಏಳುವುದಾದರೂ ಹೇಗೆ.

ಪ್ರಶ್ನೆಪತ್ರಿಕೆ
ಅಪಾಚೆ ಅನ್ನುವ ಸರ್ವರ್ ತಂತ್ರಾಂಶದ ಬದಲು ಎಂಜಿನ್‌ಎಕ್ಸ್ ಹಾಕಿದರೆ ಇದು ಆಗುವುದಿಲ್ಲ ಅಂತಾರಲ್ಲ ಅಣ್ಣಾ?

ಸರ್ವರ್_ಸೀನ
ಆಗುವುದಿಲ್ಲ ಅಂತಲ್ಲ, ಬೇರೆ ಕಡೆ ಆಗುತ್ತದೆ. ಅಪಾಚೆ 1995ರದ್ದು. ಅದರ ಹಳೇ ಪದ್ಧತಿಯಲ್ಲಿ ಒಂದೊಂದು ಸಂಪರ್ಕಕ್ಕೂ ಒಂದೊಂದು ಪ್ರೊಸೆಸ್ ಕಾದು ನಿಲ್ಲಬೇಕು. ಟೇಬಲ್‌ಗೊಬ್ಬ ಮಾಣಿ ಇರುವ ಹೋಟೆಲ್ ಹಾಗೆ, ಗಿರಾಕಿ ಪೇಪರ್ ಓದುತ್ತಾ ಕೂತರೂ ಮಾಣಿ ಅಲ್ಲೇ ನಿಂತಿರುತ್ತಾನೆ. ಇಗೋರ್ ಸೈಸೊಯೆವ್ 2004ರಲ್ಲಿ ಹೊರಗೆ ಬಿಟ್ಟ ಎಂಜಿನ್‌ಎಕ್ಸ್ ದರ್ಶಿನಿ ಕೌಂಟರ್. ಒಬ್ಬನೇ ನಿಂತು ಯಾರದ್ದು ತಯಾರಾಯಿತೋ ಅವರನ್ನು ಕರೆಯುತ್ತಾನೆ, ಮಿಕ್ಕವರು ಕಾಯುತ್ತಾರೆ. ಅದಕ್ಕೇ ಸಾವಿರಾರು ಸಂಪರ್ಕ ಕಡಿಮೆ ಮೆಮೊರಿಯಲ್ಲಿ ನಿಭಾಯಿಸುತ್ತದೆ. ಆದರೆ ಒಳಗೆ ದೋಸೆ ಕಾವಲಿ ಒಂದೇ ಇದ್ದರೆ ಕೌಂಟರ್ ಎಷ್ಟು ಚುರುಕಾಗಿದ್ದು ಏನು ಬಂತು? ರಿಸಲ್ಟ್ ಸೈಟಿನಲ್ಲಿ ಕಾವಲಿ ಅಂದರೆ ಡೇಟಾಬೇಸ್. ಈಗಿನ ಅಪಾಚೆಯಲ್ಲೂ ಈ ಕೌಂಟರ್ ಥರದ ಇವೆಂಟ್ ಪದ್ಧತಿ ಇದೆ ಅನ್ನುವುದನ್ನೂ ಇಂಟರ್ವ್ಯೂನಲ್ಲಿ ಸೇರಿಸಿ ಹೇಳಿ.

ಚುರುಮುರಿ
ಈಗ ದೋಸೆ ತಿನ್ನಬೇಕು ಅನ್ನಿಸುತ್ತಿದೆ. ಥ್ರೆಡ್ಡಿಗೆ 418 ಕೊಡಿ.

ಪ್ರಶ್ನೆಪತ್ರಿಕೆ
418 ಅಂದರೆ?

ಹಳೇ_ಮೋಡೆಮ್
"ನಾನು ಟೀ ಪಾತ್ರೆ." ಟೀ ಪಾತ್ರೆಗೆ ಕಾಫಿ ಮಾಡು ಅಂತ ಹೇಳಿದರೆ ಕೊಡಬೇಕಾದ ಉತ್ತರ. 1998ರ ಏಪ್ರಿಲ್ 1ರಂದು ತಮಾಷೆಗೆ ಬರೆದ ದಾಖಲೆಯಲ್ಲಿದೆ. ನಮ್ಮೂರಿನವರಿಗೆ ಫಿಲ್ಟರ್ ಅಂತ ಒಂದು ಕೋಡ್ ಬೇಕಿತ್ತು.

ಹೋಳಿಗೆಮನೆ
ಒಂದು ಸಣ್ಣ ವಿಷಯ ಕೇಳುವುದು ಮರೆತೆ. ಸೈಟ್ ಮಾಡಿಕೊಟ್ಟವರು ಬ್ರೌಸರ್‌ನಲ್ಲಿ ವಿಳಾಸದ ಪಕ್ಕ ಬರುವ ಬೀಗದ ಗುರುತಿಗೆ ಅಂತ ವರ್ಷಕ್ಕೆ ದುಡ್ಡು ತೆಗೆದುಕೊಳ್ಳುತ್ತಾರೆ, ಅದು ಇದ್ದರೆ ಗಿರಾಕಿಗಳಿಗೆ ಮೋಸ ಆಗುವುದಿಲ್ಲ ಅಂತಾರೆ. ಕೊಡಲೇಬೇಕಾ?

ರಾತ್ರಿಪಾಳಿ
ಸರ್ಟಿಫಿಕೇಟ್ ಬೇಕೇ ಬೇಕು, ಆದರೆ ಅದು ಪುಕ್ಕಟೆ ಸಿಗುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆ 2015ರಿಂದ ಕೊಡುತ್ತಿದೆ. ಅವಧಿ ಕಡಿಮೆ, ಅದಕ್ಕೆ ತಾನಾಗಿ ನವೀಕರಣ ಆಗುವ ಹಾಗೆ ಸರ್ವರ್‌ನಲ್ಲಿ ಏರ್ಪಾಡು ಮಾಡಬೇಕು. ಆ ಏರ್ಪಾಡಿನ ಕೂಲಿ ಅಂತ ಕೇಳಿದರೆ ನ್ಯಾಯ, ಬೀಗದ ಬೆಲೆ ಅಂತ ಕೇಳಿದರೆ ಜಗಳ ಆಡಿ.

ಇನ್ನು ಮೋಸ ಆಗುವುದಿಲ್ಲ ಅನ್ನುವುದು ಸುಳ್ಳು. ನೀವು ಮಾತಾಡುತ್ತಿರುವುದು ಆ ವಿಳಾಸದ ಸರ್ವರ್ ಜೊತೆಗೇ, ಮಧ್ಯೆ ಯಾರೂ ಓದುತ್ತಿಲ್ಲ, ತಿದ್ದುತ್ತಿಲ್ಲ. ಬೀಗಕ್ಕೆ ಇಷ್ಟೇ ಅರ್ಥ. ಕಳ್ಳ ಸೈಟಿನವನಿಗೂ ಅದೇ ಪುಕ್ಕಟೆ ಸರ್ಟಿಫಿಕೇಟ್ ಸಿಗುತ್ತದೆ. ಜನ ಬೀಗ ನೋಡಿ ನಂಬಿ ಮೋಸ ಹೋಗುತ್ತಿದ್ದರು ಅಂತಲೇ ಕ್ರೋಮ್ 2023ರಲ್ಲಿ ಬೀಗದ ಗುರುತು ತೆಗೆದು ಬೇರೆ ಗುರುತು ಹಾಕಿತು.

ಯಶವಂತಪುರ_ಲೋಕಲ್
ನಮ್ಮಮ್ಮನಿಗೆ "ಬೀಗ ಇದ್ದರೆ ಮಾತ್ರ ಒತ್ತು" ಅಂತ ಹೇಳಿಕೊಟ್ಟಿದ್ದೇ ನಾನು. ಈಗ ಏನು ಹೇಳಲಿ?

ಗಾಂಧಿಬಜಾರ್_ಗೌರಿ
ವಿಳಾಸ ಓದಲು ಹೇಳಿ. ಮುಖ್ಯವಾಗಿ ಮೊದಲ ಒಂಟಿ ಓರೆಗೆರೆಗಿಂತ (/) ಸ್ವಲ್ಪ ಮೊದಲು, ಅದರ ಎಡಕ್ಕೆ ಇರುವ ಭಾಗ. ಬ್ಯಾಂಕಿನ ಹೆಸರು ವಿಳಾಸದಲ್ಲಿ ಎಲ್ಲೋ ಒಂದು ಕಡೆ ಇದ್ದರೆ ಸಾಲದು.

ಹೋಳಿಗೆಮನೆ
ಹೊಸ ಸುದ್ದಿ. ರಾತ್ರಿ ಕಸಿನ್ ಕೂತು ನೋ-ಕ್ಯಾಶ್ ಹಾಕಿದ, ಚಾಟ್ ಡಬ್ಬಿ ಕಿತ್ತ, ಫೋಟೋ ಸಣ್ಣ ಮಾಡಿದ. ಎರಡನೇ ಸಲ ತೆರೆದರೆ ನೆಟ್‌ವರ್ಕ್ ಟ್ಯಾಬ್‌ನಲ್ಲಿ 304 ಬರುತ್ತಿದೆ. ಅವನು ಈಗ ಎಚ್‌ಟಿಟಿಪಿಯ ಹೊಸ ಆವೃತ್ತಿ ಎಚ್‌ಟಿಟಿಪಿ/3 ಕೂಡ ಹಾಕೋಣ ಅಂತ ಕೂತಿದ್ದಾನೆ. ಬೇಕಾ?

ಕ್ಲೌಡ್_ಕೆಂಪ
ಹಾಕಿ ಹಾಕಿ. ಹೊಸದು ಯಾವಾಗಲೂ ಒಳ್ಳೆಯದು.

ಸರ್ವರ್_ಸೀನ
ಐದು ಪುಟದ ಸೈಟಿಗೆ ಆತುರ ಏನಿಲ್ಲ. ಎಚ್‌ಟಿಟಿಪಿ/2 ಇದ್ದರೆ ಒಂದೇ ಸಂಪರ್ಕದಲ್ಲಿ ಹಲವು ಫೈಲ್ ಒಟ್ಟಿಗೆ ಬರುತ್ತವೆ, ಅದು ಸಾಕು. ಮೊದಲಿನ 1.1ರಲ್ಲಿ ಬ್ರೌಸರ್ ಒಂದು ಸೈಟಿಗೆ ಆರು ಸಂಪರ್ಕ ತೆರೆದು ಮಿಕ್ಕಿದ್ದನ್ನು ಸಾಲಿನಲ್ಲಿ ನಿಲ್ಲಿಸುತ್ತಿತ್ತು.

ರಾತ್ರಿಪಾಳಿ
ಮೆಟ್ರೋ ಗಿರಾಕಿಗಳಿಗೆ ಸ್ವಲ್ಪ ಉಪಯೋಗ ಇದೆ ಸೀನಣ್ಣ. 2022ರಲ್ಲಿ ಬಂದ ಎಚ್‌ಟಿಟಿಪಿ/3 ಟಿಸಿಪಿ ಬಿಟ್ಟು ಯುಡಿಪಿ ಅನ್ನುವ ಸರಳ ಸಾಗಣೆ ಪದ್ಧತಿಯ ಮೇಲೆ ಕ್ವಿಕ್ ಅನ್ನುವ ಸಂಪರ್ಕ ವಿಧಾನ ಬಳಸುತ್ತದೆ. ಸಂಪರ್ಕವೂ ಟಿಎಲ್‌ಎಸ್ಸೂ ಒಟ್ಟಿಗೆ ಆಗಿಬಿಡುತ್ತದೆ, ಒಂದು ಸುತ್ತು ಉಳಿಯುತ್ತದೆ. ಒಂದು ಪ್ಯಾಕೆಟ್ ಕಳೆದರೆ ಟಿಸಿಪಿಯಲ್ಲಿ ಎಲ್ಲಾ ಫೈಲ್‌ಗಳೂ ನಿಲ್ಲುತ್ತವೆ, ಇದರಲ್ಲಿ ಆ ಒಂದು ಫೈಲ್ ಮಾತ್ರ. ವೈಫೈನಿಂದ ಮೊಬೈಲ್ ಡೇಟಾಗೆ ಬದಲಾದರೂ ಸಂಪರ್ಕ ಕಡಿಯದ ಹಾಗೆ ಏರ್ಪಾಡು ಇದೆ.

ಪ್ರಶ್ನೆಪತ್ರಿಕೆ
ನಮ್ಮ ಕಾಲೇಜ್ ವೈಫೈಯಲ್ಲಿ ಯುಡಿಪಿ ಬ್ಲಾಕ್ ಮಾಡಿದ್ದಾರೆ. ಆಗ ಸೈಟ್ ತೆರೆಯುವುದೇ ಇಲ್ವಾ?

ರಾತ್ರಿಪಾಳಿ
ತೆರೆಯುತ್ತದೆ. ಬ್ರೌಸರ್ ಸಾಮಾನ್ಯವಾಗಿ ಮೊದಲ ಸಲ ಟಿಸಿಪಿಯಲ್ಲೇ ಬರುತ್ತದೆ. ಸರ್ವರ್ ಆಲ್ಟ್-ಎಸ್‌ವಿಸಿ ಅನ್ನುವ ಹೆಡರ್‌ನಲ್ಲಿ "ನನ್ನ ಹತ್ತಿರ 3 ಕೂಡ ಇದೆ" ಅಂತ ಹೇಳಿದರೆ ಆಮೇಲೆ ಅದನ್ನು ಪ್ರಯತ್ನಿಸುತ್ತದೆ, ಆಗದಿದ್ದರೆ ಸದ್ದಿಲ್ಲದೆ 2ಕ್ಕೆ ವಾಪಸ್. ಸರ್ವರ್ ಫೈರ್‌ವಾಲ್‌ನಲ್ಲಿ 443ನೇ ಪೋರ್ಟ್ ಅನ್ನು ಯುಡಿಪಿಗೂ ತೆರೆಯಲು ನಿಮ್ಮ ಕಸಿನ್‌ಗೆ ಹೇಳಿ @ಹೋಳಿಗೆಮನೆ, ಬಹಳ ಜನ ಬರೀ ಟಿಸಿಪಿಗೆ ತೆರೆದು ಯಾಕೆ ಬರ್ತಿಲ್ಲ ಅಂತ ತಲೆ ಕೆರೆದುಕೊಳ್ಳುತ್ತಾರೆ.